ಜೂನ್ ತಿಂಗಳ ಬ್ರೆಜಿಲ್

ಮಗಳ ಶಾಲೆಯಲ್ಲಿ ನಿನ್ನೆ ‘ಜಗತ್ತಿನ ಹಬ್ಬಗಳು’ ಎಂಬ ಪ್ರದರ್ಶನವಿತ್ತು. ನಾವು ನಾಲ್ಕು ವರ್ಷ ಬ್ರೆಜಿಲ್‌ನ ಕಂಪಿನಾಸ್‌ನಲ್ಲಿದ್ದದ್ದು ಇಲ್ಲಿನ ಸ್ನೇಹಿತರಿಗೆ ಗೊತ್ತೇ ಇದೆ. ಹಾಗಾಗಿ ಬ್ರೆಜಿಲ್ ಮೇಜು ಇವಳ ಪಾಲಿಗೆ ಬಂದಾಗ ಮನೆಯಲ್ಲಿ ಎಷ್ಟು ಸಂಭ್ರಮವಿತ್ತೆಂದು ಬಿಡಿಸಿ ಹೇಳಬೇಕಿಲ್ಲ. ಒಂದು ವಾರ ಕೂತು ಬಣ್ಣದ ಕಾಗದದಲ್ಲಿ ಸಣ್ಣ ಸಣ್ಣ ಬಾವುಟಗಳನ್ನು ಕತ್ತರಿಸಿ, ದಾರಕ್ಕೆ ಅಂಟಿಸಿ, ಸಾಂವ್ ಜುವಾಂವ್, ಅಂದರೆ ಸಂತ ಯೋಹಾನರ ಹಬ್ಬದ ತೋರಣ ಮಾಡಿದ್ದಳು. ‘ಇದು ಯಾವ ಹಬ್ಬವೆಂದು ಯಾರಿಗೂ ತಿಳಿಯುವುದಿಲ್ಲ, ಬ್ರೆಜಿಲ್ ಎಂದ ಮೇಲೆ ಕಾರ್ನಿವಲ್ ಇರಬೇಕು’ ಎಂದು ಶಾಲೆಯವರು ಅದನ್ನು ತೆಗೆಸಿದರಂತೆ. ನಾನು ಹೋಗುವ ಹೊತ್ತಿಗೆ ಮೇಜಿನ ಮೇಲೆ ಬಣ್ಣ ಬಳಿದ ಗರಿಗಳೂ ಮುಖವಾಡವೂ ಇದ್ದವು. ತೋರಣ ಅವಳ ಚೀಲದೊಳಗಿತ್ತು.

ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಒಂದಿಡೀ ದೇಶದ ಹನ್ನೆರಡು ತಿಂಗಳುಗಳನ್ನು ನಾಲ್ಕೈದು ದಿನಗಳ ಕುಣಿತಕ್ಕೆ ಇಳಿಸಿಬಿಡುವ ಈ ಅಭ್ಯಾಸವನ್ನು ಟಿವಿಯಲ್ಲೂ ಪತ್ರಿಕೆಗಳಲ್ಲೂ ಎಷ್ಟೋ ಬಾರಿ ನೋಡಿದ್ದೇನೆ. ಮಕ್ಕಳಿಗೂ ಅದನ್ನೇ ಕಲಿಸಬೇಕೆ? ಅದೂ ಜೂನ್ ತಿಂಗಳಲ್ಲಿ, ಬ್ರೆಜಿಲ್‌ನ ಊರೂರುಗಳಲ್ಲಿ ಇದೇ ಕಾಗದದ ತೋರಣಗಳು ತೂಗುತ್ತಿರುವಾಗ?

ಅಲ್ಲಿ ಜೂನ್ 13 ಸಂತ ಅಂತೋಣಿಯವರ ದಿನ, 24 ಸ್ನಾನಿಕ ಯೋಹಾನರ ದಿನ, 29 ಸಂತ ಪೇತ್ರರ ದಿನ. ಯೋಹಾನ ಹುಟ್ಟಿದ ಸುದ್ದಿಯನ್ನು ಮರಿಯಮ್ಮನವರಿಗೆ ತಿಳಿಸಲು ಅವನ ತಾಯಿ ಎಲಿಜಬೆತ್ ಬೆಂಕಿ ಹೊತ್ತಿಸಿದಳೆಂಬ ನಂಬಿಕೆಯಿಂದ 23ರ ರಾತ್ರಿ ಮನೆಗಳ ಮುಂದೆ ಸೌದೆ ಪೇರಿಸಿ ಬೆಂಕಿ ಹಾಕುತ್ತಾರೆ. ಪೋರ್ಚುಗೀಸರು ಒಯ್ದ ಹಬ್ಬ ಇದು. ನಮ್ಮ ಪಕ್ಕದ ಗೋವಾದಲ್ಲೂ ಅದೇ 24ರಂದು, ಅದೇ ಹೆಸರಿನಲ್ಲಿ, ತಲೆಗೆ ಹೂಬಳ್ಳಿ ಸುತ್ತಿಕೊಂಡ ಹುಡುಗರು ಬಾವಿಗೆ ಹಾರುತ್ತಾರೆ. ಆದರೆ ಬ್ರೆಜಿಲ್‌ನ ಈಶಾನ್ಯ ಭಾಗದ ಒಣಭೂಮಿಯಲ್ಲಿ ಅದು ಸಂಪೂರ್ಣವಾಗಿ ರೈತರ ಹಬ್ಬವಾಗಿದೆ. ಮಾರ್ಚ್ 19ರ ಸಂತ ಜೋಸೆಫರ ದಿನ ಮಳೆ ಬಿದ್ದರೆ ವರ್ಷ ಚೆನ್ನಾಗಿರುತ್ತದೆಂದು ನಂಬಿ ಆಗ ಬಿತ್ತಿದ ಗೋವಿನಜೋಳ, ಈ ಹಬ್ಬದ ಹೊತ್ತಿಗೆ ಹಸಿ ತೆನೆಯಾಗಿ ಅಡುಗೆಮನೆಗೆ ಬರುತ್ತದೆ. ಹಾವೇರಿ ಕಡೆಯವರಾದ ನಮಗೆ ಗೋವಿನಜೋಳವೆಂದರೆ ಮಾರುಕಟ್ಟೆಗೆ ಹೋಗುವ ಚೀಲ. ಆ ಬೆಳೆಯ ತವರಾದ ಅಮೆರಿಕ ಖಂಡಗಳಲ್ಲಿ ಅದಕ್ಕೆ ಸಲ್ಲುವ ಮರ್ಯಾದೆಯನ್ನು ನಾನು ಕಂಡದ್ದು ಅಲ್ಲಿ ನಾವಿದ್ದ ಬಾಡಿಗೆಮನೆಯ ಒಡತಿಯ ಅಡುಗೆಮನೆಯಲ್ಲಿ.

ಆಕೆ ಹುಡುಗಿಯಾಗಿದ್ದಾಗಲೇ ಈಶಾನ್ಯದ ಪರಾಯಿಬಾ ರಾಜ್ಯದಿಂದ ದುಡಿಮೆ ಹುಡುಕಿ ದಕ್ಷಿಣಕ್ಕೆ ಬಂದವರು. ಜೂನ್ ಬಂದರೆ ಹಿತ್ತಲಲ್ಲಿ ಕೂತು ಹಸಿ ತೆನೆಗಳನ್ನು ತುರಿದು, ಆ ಹಾಲುಹಿಟ್ಟಿಗೆ ಸಕ್ಕರೆ ಮತ್ತು ತೆಂಗಿನಹಾಲು ಬೆರೆಸಿ, ತೆನೆಯ ಸಿಪ್ಪೆಯನ್ನೇ ಪೊಟ್ಟಣದಂತೆ ಮಡಚಿ ತುಂಬಿ, ಸಿಪ್ಪೆಯದೇ ಎಳೆಯಿಂದ ಬಿಗಿದು ಕುದಿಯುವ ನೀರಿಗೆ ಬಿಡುತ್ತಿದ್ದರು. ಪಮೊನ್ಯ ಎನ್ನುತ್ತಾರೆ ಅದಕ್ಕೆ. ಬಿಚ್ಚಿದಾಗ ಏಳುವ ಹಬೆಗೆ ಅರಿಸಿನ ಎಲೆಯ ಕಡುಬು ನೆನಪಾಗದ ಕನ್ನಡಿಗರಿಲ್ಲ. ಹೋದ ಹೊಸತರಲ್ಲಿ ನಾನೇ ಅವರನ್ನು, ‘ಕಾರ್ನಿವಲ್‌ಗೆ ಎಲ್ಲಿಗೆ ಹೋಗುತ್ತೀರಿ?’ ಎಂದು ಕೇಳಿದ್ದೆ. ‘ಅದನ್ನು ಟಿವಿಯಲ್ಲಿ ನೋಡಿದ್ದೇನೆ ಮಗು, ನನ್ನ ಹಬ್ಬ ಜೂನ್‌ನಲ್ಲಿ’ ಎಂದಿದ್ದರು. ಆ ಪ್ರಶ್ನೆಗೆ ನನಗೆ ಇಂದಿಗೂ ನಾಚಿಕೆಯಿದೆ. ಶಾಲೆಯವರ ಮೇಲಿನ ಸಿಟ್ಟಿನಲ್ಲಿ ಅದರದೂ ಒಂದು ಪಾಲಿರಬಹುದು.

ಅಲ್ಲಿನ ಶಾಲೆಗಳಲ್ಲಿ ಈ ತಿಂಗಳು ಮಕ್ಕಳು ಚೌಕುಳಿ ಅಂಗಿ, ತೇಪೆ ಹಾಕಿದ ಚಡ್ಡಿ, ಹುಲ್ಲಿನ ಟೋಪಿ ತೊಟ್ಟು ಜೋಡಿಜೋಡಿಯಾಗಿ ಕ್ವಾದ್ರಿಲ್ಯ ಕುಣಿಯುತ್ತಾರೆ. ಫ್ರೆಂಚರ ಅರಮನೆಗಳ ನೃತ್ಯವೊಂದು ಬ್ರೆಜಿಲ್‌ನ ಹಳ್ಳಿಗಿಳಿದು ಹೀಗಾಗಿದೆ. ‘ಹಿಂದಕ್ಕೆ’ ಎಂಬ ಫ್ರೆಂಚ್ ಮಾತು ಇಂದಿಗೂ ‘ಅನರಿಯೆ’ ಎಂಬ ಕೂಗಾಗಿ ಉಳಿದಿದೆ. ನಡುವೆ ಒಬ್ಬರು ‘ಅಗೋ ಮಳೆ!’ ಎಂದು ಕೂಗುತ್ತಾರೆ, ಎಲ್ಲರೂ ಹಿಂದೆ ತಿರುಗಿ ಓಡುತ್ತಾರೆ, ‘ಸುಳ್ಳು!’ ಎಂದೊಡನೆ ಮತ್ತೆ ಮುಂದೆ. ನನ್ನ ಮಗಳು ಐದನೆಯ ವಯಸ್ಸಿನಲ್ಲಿ ಆ ಸಾಲಿನಲ್ಲಿದ್ದವಳು. ಅವಳಿಗೆ ಬ್ರೆಜಿಲ್ ಎಂದರೆ ಅದು, ಮತ್ತು ಆ ನೆನಪನ್ನೇ ಮೇಜಿನ ಮೇಲಿನಿಂದ ಎತ್ತಿಸಿದರು.

ಅತ್ಯಂತ ಪ್ರಸಿದ್ಧವಾದುದರಿಂದ ಶುರುಮಾಡಿದರೆ ತಪ್ಪೇನು ಎಂದು ಗೆಳೆಯರೊಬ್ಬರು ಕೇಳಿದರು. ಶುರುಮಾಡಿದರೆ ತಪ್ಪಿಲ್ಲ, ಅಲ್ಲಿಗೇ ಮುಗಿಸುವುದು ತಪ್ಪು. ಕಾರ್ನಿವಲ್ಲನ್ನಾದರೂ ಸರಿಯಾಗಿ ತೋರಿಸಿದರೆ? ರಿಯೊ ನಗರದ ಮೆರವಣಿಗೆಯಲ್ಲಿ ಪ್ರತಿ ‘ಸಾಂಬಾ ಶಾಲೆ’ಯೂ (ಕುಣಿತದ ಸಂಘಗಳಿಗೆ ಅಲ್ಲಿ ಹಾಗೆನ್ನುತ್ತಾರೆ) ಬಾಯಿಯಾನಾ, ಅಂದರೆ ಬಾಯಿಯಾ ರಾಜ್ಯದ ಸಾಂಪ್ರದಾಯಿಕ ಉಡುಗೆ ತೊಟ್ಟ ಸ್ತ್ರೀಯರ ತಂಡವೊಂದನ್ನು ಕಡ್ಡಾಯವಾಗಿ ತರಬೇಕು. ಅಗಲವಾದ ಲಂಗ ತೊಟ್ಟು ಸುತ್ತುವ ಅವರಲ್ಲಿ ಹೆಚ್ಚಿನವರು ಅಜ್ಜಿಯರು. ಆ ಅಜ್ಜಿಯರ ಚಿತ್ರವನ್ನು ನಮ್ಮ ಪತ್ರಿಕೆಗಳಲ್ಲಿ ಎಷ್ಟು ಸಲ ಕಂಡಿದ್ದೀರಿ? ಇನ್ನೂ ಒಂದು ಮಾತು: ಬ್ರೆಜಿಲ್‌ನ ರಾಷ್ಟ್ರೀಯ ರಜೆಗಳ ಪಟ್ಟಿಯಲ್ಲಿ ಕಾರ್ನಿವಲ್ ಇಲ್ಲವೇ ಇಲ್ಲ.

ಆ ಪಟ್ಟಿಯಲ್ಲಿರುವ ದಿನಗಳಲ್ಲಿ ಮೂರು: 1822ರ ಸ್ವಾತಂತ್ರ್ಯವನ್ನು ನೆನೆಯುವ ಸೆಪ್ಟೆಂಬರ್ 7, ಅಪರೆಸಿದಾ ಮಾತೆಯೆಂದು ಕರೆಯುವ ಮರಿಯಮ್ಮನವರ ಅಕ್ಟೋಬರ್ 12, ಮತ್ತು ನವೆಂಬರ್ 20. ಓಡಿಹೋದ ಗುಲಾಮರು ಕಟ್ಟಿಕೊಂಡಿದ್ದ ಪಲ್ಮಾರೆಸ್ ನೆಲೆಯ ನಾಯಕ ಜುಂಬಿ 1695ರಲ್ಲಿ ಹತನಾದ ದಿನವದು. ಗುಲಾಮಗಿರಿ ರದ್ದಾದದ್ದು 1888ರ ಮೇ 13ರಂದು. ರಾಜಕುಮಾರಿ ಸಹಿ ಹಾಕಿದ ಆ ದಿನವನ್ನು ಬಿಟ್ಟು, ಹೋರಾಡಿ ಸತ್ತವನ ದಿನವನ್ನೇ ತಮ್ಮದೆಂದು ಕಪ್ಪು ಜನ ದಶಕಗಳ ಕಾಲ ಪಟ್ಟುಹಿಡಿದದ್ದರಿಂದ 2024ರಲ್ಲಿ ಅದು ಮೊದಲ ಬಾರಿಗೆ ಇಡೀ ದೇಶಕ್ಕೆ ರಜೆಯಾಯಿತು. ಐದನೆಯ ತರಗತಿಯ ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಕಥೆ ಯಾವುದು? ಅಕ್ಟೋಬರ್‌ನಲ್ಲಿ ಬೆಲೆಂ ನಗರದಲ್ಲಿ ನಜರೆ ಮಾತೆಯ ಮೆರವಣಿಗೆಗೆ ಲಕ್ಷಗಟ್ಟಲೆ ಜನ ಸೇರಿ, ಹರಕೆ ಹೊತ್ತವರು ಬರಿಗಾಲಿನಲ್ಲಿ ಒಂದೇ ಉದ್ದನೆಯ ಹಗ್ಗಕ್ಕೆ ಕೈಹಾಕಲು ನೂಕಾಡುವುದನ್ನು ಹೇಳಿದರೆ, ತೇರಿನ ಮಿಣಿ ಹಿಡಿದು ಬೆಳೆದ ನಮ್ಮ ಮಕ್ಕಳಿಗೆ ಅರ್ಥವಾಗದೆ ಇರುತ್ತದೆಯೆ?

ಇಂದು ಜೂನ್ 23. ತೋರಣವನ್ನು ಮಗಳು ಚೀಲದಿಂದ ತೆಗೆದು, ಮಡಿಕೆ ಬಿದ್ದ ಬಾವುಟಗಳನ್ನು ಅಂಗೈಯಿಂದ ನೀವಿ, ಮನೆಯ ಮುಂಬಾಗಿಲಿಗೆ ಕಟ್ಟಿದ್ದಾಳೆ. ಸಂಜೆ ಹಸಿ ತೆನೆ ತಂದಿದ್ದೇನೆ; ಸಿಪ್ಪೆ ಹರಿಯದಂತೆ ಬಿಡಿಸುವುದು ಹೇಗೆಂದು ಕೇಳಲು ಮನೆಯೊಡತಿಗೆ ಈಗಷ್ಟೇ ಫೋನ್ ಮಾಡಿದ್ದೆ, ಬುಡವನ್ನು ಚಾಕುವಿನಿಂದ ಸುತ್ತಲೂ ಕೊಯ್ದು ಒಂದೊಂದಾಗಿ ಬಿಡಿಸು ಎಂದರು.