ಎಪಿಸ್ಕೋಪಲ್ ಸಭೆಗೆ ನಂಬಿಕೆಯೇ ಇಲ್ಲ ಅನ್ನೋದು ಸರಿಯಲ್ಲ

ಅಮೆರಿಕದ ಎಪಿಸ್ಕೋಪಲ್ ಸಭೆ ಎಂಬ ಕ್ರೈಸ್ತ ಪಂಗಡದ ಬಗ್ಗೆ ಒಂದು ಮಾತು ಆಗಾಗ ಹರಿದಾಡುತ್ತದೆ: "ಎಂಟನೇ ಹೆನ್ರಿ ದೊರೆ ಹೆಂಡತಿಯನ್ನು ಬಿಡೋಕೆ ಅಂತ ಕಟ್ಟಿದ ಸಭೆ ಅದು. ಅಲ್ಲಿ ಯಾರು ಏನು ಬೇಕಾದರೂ ನಂಬಬಹುದು." ಎರಡೂ ತಪ್ಪು.

ಮದುವೆಯ ಜಗಳದಲ್ಲಿ ಹೆನ್ರಿ ಇಂಗ್ಲೆಂಡಿನ ಸಭೆಯನ್ನು ಪೋಪರಿಂದ ಬೇರೆ ಮಾಡಿದ್ದು ನಿಜ. ಅದು 1534ರ ಮಾತು. ಆ ಸಭೆಯ ಅಮೆರಿಕದ ಕವಲು ಎಪಿಸ್ಕೋಪಲ್ ಸಭೆಯಾಗಿ ರೂಪುಗೊಂಡಿದ್ದು ಸುಮಾರು ಎರಡೂವರೆ ಶತಮಾನ ಕಳೆದ ಮೇಲೆ, ಅಮೆರಿಕ ಸ್ವತಂತ್ರವಾದ ನಂತರ. ಅದರ ಮೊದಲ ಬಿಷಪ್ ಆಗಲಿದ್ದ ಸ್ಯಾಮ್ಯುಯೆಲ್ ಸೀಬರಿ ದೀಕ್ಷೆಗಾಗಿ ಇಂಗ್ಲೆಂಡಿಗೆ ಹೋದರು. ಅಲ್ಲಿನ ದೊರೆಗೆ ನಿಷ್ಠೆಯ ಪ್ರಮಾಣ ಮಾಡದೆ ದೀಕ್ಷೆ ಇಲ್ಲ. ಸ್ವತಂತ್ರ ದೇಶದ ಸಭೆಗೆ ಬಿಷಪ್ ಆಗುವವರು ಅದನ್ನು ಮಾಡೋದು ಹೇಗೆ? ಕೊನೆಗೆ 1784ರಲ್ಲಿ ಅಬರ್ಡೀನಿನಲ್ಲಿ ಸ್ಕಾಟ್ಲೆಂಡಿನ ಬಿಷಪರು ದೀಕ್ಷೆ ಕೊಟ್ಟರು. 1789ರಲ್ಲಿ ಸಭೆಗೆ ತನ್ನದೇ ಸಂವಿಧಾನ, ತನ್ನದೇ ಪ್ರಾರ್ಥನಾ ಪುಸ್ತಕ ಬಂತು.

ಇನ್ನು ನಂಬಿಕೆ. ಭಾನುವಾರ ಪ್ರಸಂಗ ಮುಗಿದ ಮೇಲೆ ಎಲ್ಲರೂ ಎದ್ದು ನಿಂತು ನೈಸೀಯ ವಿಶ್ವಾಸ ಪ್ರಮಾಣ, ಅಂದರೆ ಕ್ರೈಸ್ತ ನಂಬಿಕೆಯ ಸಾರವನ್ನು ಹೇಳುವ ಹಳೆಯ ಪಾಠ, ಹೇಳುತ್ತಾರೆ. ಆಮೇಲೆ ಯೇಸುವಿನ ಕೊನೆಯ ಊಟವನ್ನು ನೆನೆಯುವ ಕರ್ತನ ಭೋಜನ: ಚಾಚಿದ ಅಂಗೈಗೆ ರೊಟ್ಟಿ, ಒಂದೇ ಬಟ್ಟಲಿನಿಂದ ದ್ರಾಕ್ಷಾರಸ. ಏನು ಬೇಕಾದರೂ ನಂಬುವವರು ವಾರವಾರ ಹೀಗೆ ಮಾಡ್ತಾರಾ?

ಪ್ರಶ್ನೆಗೆ ಅಲ್ಲಿ ಜಾಗ ಜಾಸ್ತಿ, ಅದು ನನಗೆ ತುಂಬಾ ಇಷ್ಟ. ದೀಕ್ಷಾಸ್ನಾನ ಆದವರಿಗೆ ಹುಡುಕುವ, ವಿವೇಚಿಸುವ ಹೃದಯ ಕೊಡು ಎಂದು 1979ರ ಪ್ರಾರ್ಥನಾ ಪುಸ್ತಕವೇ ದೇವರನ್ನು ಬೇಡುತ್ತದೆ. ಹುಡುಕಾಟ ಅಲ್ಲಿ ನಂಬಿಕೆಯ ಒಳಗೇ ಇದೆ.

ಅಂದಹಾಗೆ, ನಮ್ಮ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಕೂಡ ಎಪಿಸ್ಕೋಪಲ್ ಸಭೆಯಂತೆ ಆಂಗ್ಲಿಕನ್ ಬಳಗಕ್ಕೆ, ಅಂದರೆ ಇಂಗ್ಲೆಂಡಿನ ಸಭೆಯ ಜೊತೆ ನಂಟಿರುವ ಸಭೆಗಳ ಕೂಟಕ್ಕೆ, ಸೇರಿದ್ದು. ಅದೇ ವಿಶ್ವಾಸ ಪ್ರಮಾಣವನ್ನು ಇಲ್ಲಿ ಕನ್ನಡದಲ್ಲಿ ಹೇಳುತ್ತಾರೆ.