ಎರಡನೇ ಬ್ಯಾಟರಿ ಕಟ್ಟಿದ ಮಾತ್ರಕ್ಕೆ ರೇಂಜ್ ಡಬಲ್ ಆಗುವುದಿಲ್ಲ

ನಿನ್ನೆ ಸಂಜೆ ಲಗ್ಗೆರೆ ಕಡೆ ಒಂದು ಗ್ಯಾರೇಜಿನಲ್ಲಿ ನೋಡಿದ್ದು ಇನ್ನೂ ತಲೆಯಿಂದ ಹೋಗಿಲ್ಲ. ಊಟ ಡೆಲಿವರಿ ಮಾಡುವ ಹುಡುಗನೊಬ್ಬನ ಎಲೆಕ್ಟ್ರಿಕ್ ಸ್ಕೂಟರ್. ಸೀಟಿನ ಕೆಳಗೆ ಹಳೇ ಬ್ಯಾಟರಿ. ಫುಟ್‌ಬೋರ್ಡ್ ಮೇಲೆ ಟ್ಯೂಬ್ ರಬ್ಬರ್‌ನಲ್ಲಿ ಬಿಗಿದ ಹೊಸ ಬ್ಯಾಟರಿ. ಪ್ಲಸ್ಸಿಗೆ ಪ್ಲಸ್ಸು, ಮೈನಸ್ಸಿಗೆ ಮೈನಸ್ಸು, ಅಷ್ಟೇ. ಕನೆಕ್ಟರ್ ಸಿಕ್ಕಿಸುತ್ತಿದ್ದಂತೆ ಚಟ್ ಅಂತ ಕಿಡಿ ಹಾರಿತು. ಬಗ್ಗಿ ನೋಡಿದರೆ ಕನೆಕ್ಟರಿನ ಲೋಹದ ನಾಲಗೆ ಆಗಲೇ ಕಪ್ಪಾಗಿದೆ, ಅಂಚಿನಲ್ಲಿ ಕರಗಿ ಸಣ್ಣ ಗುಳಿ ಬಿದ್ದಿದೆ.

"ಅದು ಮಾಮೂಲಿ ಸಾರ್. ಎರಡೂ ಅರವತ್ತು ವೋಲ್ಟೇ, ಏನೂ ಆಗಲ್ಲ. ರೇಂಜ್ ಡಬಲ್" ಅಂದ ಮೆಕ್ಯಾನಿಕ್. ರೇಂಜ್ ಅಂದರೆ ಒಂದು ಚಾರ್ಜಿಗೆ ಗಾಡಿ ಓಡುವ ದೂರ.

ನಾನು ಪೀಣ್ಯದಲ್ಲಿ ಬ್ಯಾಟರಿ ಪ್ಯಾಕ್ ಕಟ್ಟುವ, ಅಂದರೆ ಸೆಲ್‌ಗಳನ್ನು ಸೇರಿಸಿ ಪೂರ್ತಿ ಬ್ಯಾಟರಿ ಮಾಡುವ ಕೆಲಸದಲ್ಲಿ ಇದ್ದೇನೆ. ಇಂಥದ್ದನ್ನು ನೋಡಿ ಸುಮ್ಮನೆ ಬರಲು ನನ್ನಿಂದ ಆಗುವುದಿಲ್ಲ.

ಬ್ಯಾಟರಿ ಮೇಲೆ ಬರೆದ 60 ವೋಲ್ಟ್ ಬರೀ ಹೆಸರು. 16 ಸೆಲ್ ಸಾಲಾಗಿ ಇರುವ ಎನ್‌ಎಂಸಿ (ಒಂದು ಬಗೆಯ ಲಿಥಿಯಂ) ಪ್ಯಾಕ್ ಫುಲ್ ಆದಾಗ 67.2 ವೋಲ್ಟ್ ತೋರಿಸುತ್ತದೆ. ಓಡಿಸಿ ಓಡಿಸಿ ಇಳಿದಾಗ ಅದೇ ಪ್ಯಾಕ್ 57ಕ್ಕೆ ಬಂದಿರುತ್ತದೆ. ಈಗ ಫುಲ್ ಇರುವುದನ್ನು ಇಳಿದಿರುವುದಕ್ಕೆ ನೇರ ಜೋಡಿಸಿ. ಒಂದೊಂದರ ಒಳಗೆ 0.05 ಓಮ್, ಎರಡೂ ಸೇರಿ 0.1 ಓಮ್ ರೆಸಿಸ್ಟೆನ್ಸ್ (ಕರೆಂಟಿಗೆ ತಡೆ) ಅಂತ ಹಿಡಿದರೂ, 10 ವೋಲ್ಟ್ ವ್ಯತ್ಯಾಸಕ್ಕೆ ಆ ಕ್ಷಣ ಹರಿಯುವುದು 100 ಆಂಪಿಯರ್. ಮೋಟಾರ್ ತಿರುಗುತ್ತಲೇ ಇಲ್ಲ. ಅಷ್ಟೂ ಕರೆಂಟ್ ಒಂದು ಬ್ಯಾಟರಿಯಿಂದ ಇನ್ನೊಂದಕ್ಕೆ ನುಗ್ಗುತ್ತದೆ. ಹತ್ತು ಹದಿನೈದು ಆಂಪಿಯರ್‌ನಲ್ಲಿ ನಿಧಾನಕ್ಕೆ ಚಾರ್ಜ್ ಆಗಬೇಕಾದ ಹಳೇ ಪ್ಯಾಕ್ ಅದನ್ನು ತಡೆದುಕೊಳ್ಳಬೇಕು. ಆ ಕಿಡಿ ಮಾಮೂಲಿ ಅಲ್ಲ.

ಒಳಗೆ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಬೋರ್ಡು) ಇದೆ, ಕಟ್ ಮಾಡುತ್ತದೆ ಅನ್ನುತ್ತಾರೆ. ಮಾಡುತ್ತದೆ, ಚೆನ್ನಾಗಿದ್ದರೆ. ಅಗ್ಗದ ಬೋರ್ಡಿನಲ್ಲಿ ಕರೆಂಟ್ ಕಟ್ ಮಾಡುವ ಸ್ವಿಚ್ಚಾದ ಮಾಸ್‌ಫೆಟ್ ಸುಟ್ಟಾಗ ಬಹಳ ಸಲ ಶಾರ್ಟ್ ಆಗಿಯೇ ಕೂರುತ್ತದೆ. ಆಮೇಲೆ ಅದು ಏನನ್ನೂ ಕಟ್ ಮಾಡುವುದಿಲ್ಲ, ಗಾಡಿ ಮಾತ್ರ ಎಂದಿನಂತೆ ಓಡುತ್ತಿರುತ್ತದೆ. ಯಾರಿಗೂ ಗೊತ್ತೇ ಆಗುವುದಿಲ್ಲ.

ನಾನು ಎರಡು ಬ್ಯಾಟರಿಯ ವಿರೋಧಿ ಅಲ್ಲ. ಸರಿಯಾಗಿ ಮಾಡಿದರೆ ಎರಡು ಬ್ಯಾಟರಿ ಎಷ್ಟು ಚೆಂದ ಅಂತ ಹೇಳುತ್ತೇನೆ ಕೇಳಿ. ಸುಮನಹಳ್ಳಿ ಫ್ಲೈಓವರ್ ಹತ್ತುವಾಗ ಸ್ಕೂಟರ್ 40 ಆಂಪಿಯರ್ ಎಳೆಯಿತು ಅಂತಿಟ್ಟುಕೊಳ್ಳಿ. ಅದೇ 0.05 ಓಮ್ ಲೆಕ್ಕದಲ್ಲಿ, ಒಂದೇ ಪ್ಯಾಕ್ ಇದ್ದರೆ ಒಳಗಡೆಯೇ 80 ವ್ಯಾಟ್ ಶಾಖವಾಗಿ ಹೋಗುತ್ತದೆ. ಎರಡು ಸಮವಾದ ಪ್ಯಾಕ್ ತಲಾ 20 ಆಂಪಿಯರ್ ಕೊಟ್ಟರೆ ಒಟ್ಟು 40 ವ್ಯಾಟ್, ಅರ್ಧಕ್ಕರ್ಧ. ವೋಲ್ಟೇಜ್ ಬೀಳುವುದೂ 2ರ ಬದಲು 1 ವೋಲ್ಟ್. ಹಾಗಾಗಿ ಕೊನೆಯ ಸ್ವಲ್ಪ ಚಾರ್ಜ್ ಉಳಿದಿದ್ದಾಗಲೂ ಗಾಡಿ ಏರಿನಲ್ಲಿ ಬೇಗ ಕೈ ಕೊಡುವುದಿಲ್ಲ, ಸೆಲ್ಲೂ ಜಾಸ್ತಿ ದಿನ ಬಾಳುತ್ತದೆ. ಒಂದನ್ನು ಪೂರ್ತಿ ಖಾಲಿ ಮಾಡಿ ಇನ್ನೊಂದಕ್ಕೆ ಹೋಗುವುದಕ್ಕಿಂತ ಇದು ಎಷ್ಟೋ ಮೇಲು.

ಆದರೆ ಮುದಿ ಎತ್ತು, ಎಳೇ ಹೋರಿಯನ್ನು ಒಂದೇ ನೊಗಕ್ಕೆ ಕಟ್ಟಿದರೆ ಈ ಲಾಭ ಸಿಗುವುದಿಲ್ಲ. ಹಳೇ ಪ್ಯಾಕ್‌ನ ರೆಸಿಸ್ಟೆನ್ಸ್ ಜಾಸ್ತಿ, ಅದು ಕೊಡುವುದು ಕಡಿಮೆ. ಹೊಸದೇ ಹೆಚ್ಚು ಹೊರುತ್ತದೆ. ಬಿಸಿಯಾಗಿ ಹೊಸದರ ಬಿಎಂಎಸ್ ಕಟ್ ಆಯಿತೋ, ಪೂರ್ತಿ 40 ಆಂಪಿಯರ್ ಹಳೇ ಪ್ಯಾಕ್ ಮೇಲೆ ಬೀಳುತ್ತದೆ. ಸ್ವಲ್ಪ ಹೊತ್ತಿಗೆ ಹೊಸದು ತಣಿದು ಮತ್ತೆ ಸೇರಿಕೊಳ್ಳುತ್ತದೆ, ಅಷ್ಟರಲ್ಲಿ ಎರಡರ ವೋಲ್ಟೇಜ್ ಬೇರೆ ಬೇರೆ. ಮತ್ತದೇ ನುಗ್ಗಾಟ, ಈ ಸಲ ಓಡುವ ಗಾಡಿಯಲ್ಲಿ, ಆ ಹುಡುಗನ ಕಾಲ ಹತ್ತಿರ.

ಇದನ್ನು ನೋಡಿಕೊಳ್ಳಲು ಮಧ್ಯೆ ಒಂದು ಸರ್ಕ್ಯೂಟ್ ಬೇಕೇ ಬೇಕು. ಅದು ಎರಡೂ ಪ್ಯಾಕ್‌ನ ವೋಲ್ಟೇಜ್, ಕರೆಂಟ್, ಬಿಸಿ ಎಲ್ಲ ಓದಬೇಕು. ಮೊದಲು ಜಾಸ್ತಿ ಇರುವುದನ್ನು ಓಡಿಸಿ, ಎರಡೂ ಸಮ ಆದಾಗ ಇನ್ನೊಂದನ್ನು ಸೇರಿಸಬೇಕು. ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಮಾತ್ರ ಹಾಕಿದರೂ ಬ್ಯಾಟರಿಯಿಂದ ಬ್ಯಾಟರಿಗೆ ಹರಿಯುವುದು ನಿಲ್ಲುತ್ತದೆ, ಆದರೆ ಬ್ರೇಕ್ ಹಿಡಿದಾಗ ಮೋಟಾರಿನಿಂದ ಬ್ಯಾಟರಿಗೆ ವಾಪಸ್ ಬರಬೇಕಾದ ಕರೆಂಟಿಗೂ ದಾರಿ ಮುಚ್ಚುತ್ತದೆ. 2022ರಲ್ಲಿ ಎಲೆಕ್ಟ್ರಿಕ್ ಗಾಡಿಗಳ ಬ್ಯಾಟರಿ ಸುರಕ್ಷತೆಯ ಎಐಎಸ್-156 ನಿಯಮಕ್ಕೆ ತಂದ ತಿದ್ದುಪಡಿಯಲ್ಲಿ, ಸೆಲ್ ಸಾಲುಗಳನ್ನು ಪ್ಯಾರಲಲ್ (ಪ್ಲಸ್ಸಿಗೆ ಪ್ಲಸ್ಸು, ಮೈನಸ್ಸಿಗೆ ಮೈನಸ್ಸು) ಜೋಡಿಸುವಾಗ ಒಂದರಿಂದ ಇನ್ನೊಂದಕ್ಕೆ ಕರೆಂಟ್ ಸುತ್ತದಂತೆ ತಡೆಯುವ ಸರ್ಕ್ಯೂಟ್ ಇರಬೇಕು ಅಂತ ಸೇರಿಸಿದರು. ಆ ವರ್ಷದ ಬೇಸಿಗೆ ನೆನಪಿದೆ ಅಲ್ವಾ? ವೆಲ್ಲೂರು, ನಿಜಾಮಾಬಾದ್, ವಿಜಯವಾಡ. ಮನೆಯಲ್ಲಿ ಚಾರ್ಜಿಗೆ ಹಾಕಿದ ಬ್ಯಾಟರಿಯಿಂದ ಜನ ಸತ್ತರು. ಕಂಪನಿ ಸ್ಕೂಟರ್‌ಗಳಲ್ಲೂ ಎರಡು ಬ್ಯಾಟರಿ ಇಲ್ಲವಾ ಅಂತೀರಾ? ಆಕ್ಟಿವಾ ಇ, ವಿಡಾ ವಿ1 ಪ್ರೋ, ನಮ್ಮ ಬೆಂಗಳೂರಿನದೇ ಮೊದಲು ಬಂದ ಸಿಂಪಲ್ ಒನ್, ಎಲ್ಲದರಲ್ಲೂ ಎರಡೆರಡು ಬ್ಯಾಟರಿ ಇವೆ. ಅವು ಮೊದಲಿಂದಲೇ ಎರಡು ಬ್ಯಾಟರಿಗೆಂದು ಮಾಡಿದ ಗಾಡಿಗಳು. ರಬ್ಬರ್ ಬಿಗಿದು ಮಾಡಿದ್ದಲ್ಲ.

ಬಡ ಹುಡುಗ, ಒಂದು ಬ್ಯಾಟರಿಯಲ್ಲಿ ಮಧ್ಯಾಹ್ನದ ಊಟದ ಟ್ರಿಪ್, ರಾತ್ರಿಯ ಟ್ರಿಪ್ ಎರಡೂ ಆಗುವುದಿಲ್ಲ, ಏನು ಮಾಡಬೇಕು ಅಂತ ಕಾಮೆಂಟಿನಲ್ಲಿ ಕೇಳುತ್ತೀರಿ. ಅವನ ಕಷ್ಟ ನಿಜ. ಆದರೆ ಅವನು ಹೊಸ ಬ್ಯಾಟರಿಗೆ ದುಡ್ಡು ಕೊಟ್ಟಾಗಿದೆ! ಅದರ ಮುಂದೆ ಒಂದು ಚೇಂಜ್‌ಓವರ್ ಸ್ವಿಚ್ಚು (ಒಂದು ಸಲಕ್ಕೆ ಒಂದೇ ಬ್ಯಾಟರಿ ಸೇರಿಸುವುದು), ಒಂದು ಫ್ಯೂಸು ಯಾವ ಲೆಕ್ಕ? ಬಡತನ ಅಂತ ಹೇಳಿ ಅವನಿಗೆ ಅಪಾಯ ಮಾರುವುದನ್ನು ನಾನು ಒಪ್ಪುವುದಿಲ್ಲ. ನಾಲ್ವರು ಮಲಗುವ ಒಂದೇ ಕೋಣೆಯಲ್ಲಿ, ಬಾಗಿಲ ಪಕ್ಕ ಚಾರ್ಜಿಗೆ ಹಾಕುತ್ತಾನಂತೆ. ಅದನ್ನು ಕೇಳಿದಾಗಿನಿಂದ ಸಿಟ್ಟಿಗಿಂತ ನನಗೆ ಭಯವೇ ಜಾಸ್ತಿ.

ನಿಮ್ಮ ಗಾಡಿಯಲ್ಲೋ, ಗೊತ್ತಿರುವವರ ಗಾಡಿಯಲ್ಲೋ ಹೀಗೆ ಎರಡು ಬ್ಯಾಟರಿ ನೇರ ಸೇರಿಸಿದ್ದರೆ ಇವತ್ತೇ ಬೇರೆ ಮಾಡಿಸಿ. ಸದ್ಯಕ್ಕೆ ಒಂದು ಸಲಕ್ಕೆ ಒಂದೇ ಬ್ಯಾಟರಿ. ಬದಲಾಯಿಸುವಾಗ ಗಾಡಿ ನಿಲ್ಲಿಸಿ, ಕೀ ಆಫ್ ಮಾಡಿ. ಒಂದೊಂದಕ್ಕೂ ಅದರದೇ ಫ್ಯೂಸ್, ಅದಕ್ಕೆ ಹೊಂದುವ ಚಾರ್ಜರ್. ಎರಡನ್ನೂ ಒಟ್ಟಿಗೆ ಓಡಿಸಲೇಬೇಕು ಅಂದರೆ ಪ್ಯಾಕ್‌ನ ಲೇಬಲ್, ಮೋಟಾರ್ ನಡೆಸುವ ಕಂಟ್ರೋಲರ್‌ನ ಲೇಬಲ್ ಎರಡರ ಫೋಟೋ ನನಗೆ ಕಳಿಸಿ. ಯಾವ ಸರ್ಕ್ಯೂಟ್ ಬೇಕು ಅಂತ ಕೂತು ನೋಡಿ ಹೇಳುತ್ತೇನೆ, ದುಡ್ಡು ಬೇಡ. ಆ ಹುಡುಗನಿಗೂ ನಂಬರ್ ಕೊಟ್ಟು ಬಂದಿದ್ದೇನೆ, ಇನ್ನೂ ಫೋನ್ ಮಾಡಿಲ್ಲ.