ದುಡ್ಡು ಕೊಟ್ಟಿದ್ದು ಹಕ್ಕಿ ನೋಡೋಕೆ, ನಿಮ್ಮ ಬೆನ್ನು ನೋಡೋಕಲ್ಲ

ಮೊದಲೇ ಹೇಳಿಬಿಡ್ತೀನಿ, ಕ್ಯಾಮೆರಾ ಇಟ್ಕೊಂಡೋರ ಮೇಲೆ ನನಗೇನೂ ದ್ವೇಷ ಇಲ್ಲ. ನನ್ನ ತಮ್ಮನೇ ಒಂದು ತಗೊಂಡಿದ್ದಾನೆ, ಮನೆ ಸಾಲದ ಕಂತಿನ ಜೊತೆ ಅದರ ಕಂತನ್ನೂ ಕಟ್ಕೊಂಡು ಕೂತಿದ್ದಾನೆ. ಆದರೆ ಈ ಫೆಬ್ರವರಿಯಲ್ಲಿ ಮೈಸೂರಿನ ಒಂದು ತಂಡದ ಜೊತೆ ಉತ್ತರಾಖಂಡದ ಕಾರ್ಬೆಟ್ ಕಡೆ ಹಕ್ಕಿ ನೋಡೋಕೆ ಹೋಗಿ ಬಂದಾಗಿನಿಂದ ಹೊಟ್ಟೆಯೊಳಗೆ ಕುದೀತಿರೋದನ್ನ ಎಲ್ಲಾದರೂ ಹೇಳ್ಕೊಳ್ಳಲೇಬೇಕು. ಮನೆಯಲ್ಲಿ ಕೇಳೋರಿಲ್ಲ. ನಮ್ಮೆಜಮಾನ್ರು "ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಒಂದು ಸುತ್ತು ಬಂದಿದ್ರೆ ಬಿಟ್ಟಿಯಾಗಿ ಹೆಜ್ಜಾರ್ಲೆ ಕಾಣ್ತಿತ್ತು" ಅಂತ ಪೇಪರ್ ಮಡಿಸಿಟ್ಟು ಸ್ನಾನಕ್ಕೆ ಹೋದ್ರು.

ಪೋಸ್ಟರ್‌ನಲ್ಲಿ ಇದ್ದದ್ದೇನು ಗೊತ್ತಾ? ಹಿಮಾಲಯದ ತಪ್ಪಲಿನ ಕಾಡು, ನದಿ ತೀರದ ಹುಲ್ಲುಗಾವಲು, ನುರಿತ ಮಾರ್ಗದರ್ಶಕರು, ಸಣ್ಣ ತಂಡ, ಸ್ಪಾಟಿಂಗ್ ಸ್ಕೋಪ್ (ದೂರದ ಹಕ್ಕಿ ನೋಡೋಕೆ ಸ್ಟ್ಯಾಂಡ್ ಮೇಲಿಡೋ ದುರ್ಬೀನು) ವ್ಯವಸ್ಥೆ ಇದೆ, ಹೊಸಬರಿಗೂ ಸ್ವಾಗತ. ಪಕ್ಷಿ ವೀಕ್ಷಣೆ ಅಂತ ದಪ್ಪಕ್ಷರದಲ್ಲಿ ಬರೆದಿದ್ರು. ಫೋಟೋಗ್ರಫಿ ಅನ್ನೋ ಪದ ಎಲ್ಲೂ ಇರಲಿಲ್ಲ, ಈಗಲೂ ಆ ಪೋಸ್ಟರ್ ನನ್ನ ಫೋನಲ್ಲಿದೆ. ವಿಮಾನದ ಖರ್ಚು ಬಿಟ್ಟು ಮುಕ್ಕಾಲು ಲಕ್ಷದ ಹತ್ತಿರ ಕಟ್ಟಿಸ್ಕೊಂಡ್ರು. ನನ್ನಂಥ ಸಂಬಳದವರಿಗೆ ಅದು ಸಣ್ಣ ಮೊತ್ತ ಅಲ್ಲ ಕಣ್ರೀ.

ಆ ಜಾಗ ಅಂಥಾದ್ದು, ಅದಕ್ಕೇ ಕೊಟ್ಟೆ. 1936ರಲ್ಲಿ ಹೇಲಿ ನ್ಯಾಷನಲ್ ಪಾರ್ಕ್ ಅನ್ನೋ ಹೆಸರಲ್ಲಿ ಶುರುವಾದ, ನಮ್ಮ ದೇಶದ ಮೊಟ್ಟಮೊದಲ ರಾಷ್ಟ್ರೀಯ ಉದ್ಯಾನ ಅದು. ಬೆಟ್ಟ ಇಳಿದು ಬಯಲಿಗೆ ಸೇರೋ ಕಡೆ ಇರೋದರಿಂದ, ಚಳಿಗಾಲದಲ್ಲಿ ಮೇಲೆ ಹಿಮ ಬಿದ್ದಾಗ ಎತ್ತರದ ಎಷ್ಟೋ ಹಕ್ಕಿಗಳು ಇಲ್ಲಿಗೆ ಇಳಿದು ಬರ್ತವೆ. ಒಂದು ಕಡೆ ನೆಟ್ಟಗೆ ನಿಂತ ಸಾಲ್ ಮರಗಳ ಕಾಡು, ಇನ್ನೊಂದು ಕಡೆ ಗುಂಡುಕಲ್ಲು ಹಾಸಿದ ಕೋಸಿ ನದಿ, ಒಳಗೆ ಹೋದರೆ ರಾಮಗಂಗಾ ದಡದ ಹುಲ್ಲುಗಾವಲು. ಅಲ್ಲಿನವರು ಆ ಹುಲ್ಲು ಬಯಲನ್ನ ಚೌಡ್ ಅಂತಾರೆ. ಕಬಿನಿ ಹಿನ್ನೀರು ನೋಡಿದ ಮೈಸೂರಿನವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಕಾಲಾಗಢದ ಹತ್ತಿರ ರಾಮಗಂಗೆಗೆ ಅಣೆಕಟ್ಟು ಕಟ್ಟಿದಾಗ ಹುಲ್ಲುಗಾವಲಿನ ಒಂದು ಭಾಗ ಮುಳುಗಿತು. ಈಗ ಬೇಸಿಗೆಯಲ್ಲಿ ನೀರು ಇಳಿದಂತೆ ಎಳೆ ಹುಲ್ಲು ಚಿಗುರುತ್ತೆ, ಆನೆಗಳು ಬಂದು ಸೇರ್ತವೆ, ಥೇಟ್ ನಮ್ಮ ಕಡೆ ಆಗೋ ಹಾಗೇ. ಆದರೆ ಹಕ್ಕಿಗಳು ಬೇರೆ. ಅವಕ್ಕೋಸ್ಕರ ನಾನು ಹೋಗಿದ್ದು.

ಐಬಿಸ್‌ಬಿಲ್ ಅಂತ ಒಂದು ಹಕ್ಕಿ ಇದೆ. ಬೂದು ಮೈ, ಎದೆ ಮೇಲೆ ಕಪ್ಪು ಪಟ್ಟಿ, ಕೆಳಕ್ಕೆ ಬಾಗಿದ ಉದ್ದನೆಯ ಕೆಂಪು ಕೊಕ್ಕು. ಅದರ ಕುಟುಂಬದಲ್ಲಿ ಪ್ರಪಂಚದಲ್ಲೆಲ್ಲ ಅದೊಂದೇ ಜಾತಿ. ಬೇಸಿಗೆಯಲ್ಲಿ ಎತ್ತರದ ಬೆಟ್ಟಗಳ ನದಿ ಪಾತ್ರದಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ಕೋಸಿಯಂಥ ನದಿಗಳಿಗೆ ಇಳಿಯುತ್ತೆ. ಕಲ್ಲಿನ ಸಂದಿಗೆ ಆ ಕೊಕ್ಕು ತೂರಿಸಿ ಹುಳ ಹುಡುಕುತ್ತೆ. ನಿಂತುಬಿಟ್ಟರೆ ಕಲ್ಲು ಯಾವುದು ಹಕ್ಕಿ ಯಾವುದು ಗೊತ್ತಾಗಲ್ಲ. ಅದನ್ನ ನೋಡಬೇಕು ಅಂತ ಎಷ್ಟು ವರ್ಷದಿಂದ ಆಸೆ ಇಟ್ಕೊಂಡಿದ್ದೆ.

ಹಕ್ಕಿ ಸಿಕ್ತು. ಹುಡುಕಿದ್ದು ನಮ್ಮ ಟೂರ್ ಲೀಡರ್ ಅಲ್ಲ, ಕಾರ್ಬೆಟ್ ಪಕ್ಕದ ರಾಮನಗರದಲ್ಲಿ (ನಮ್ಮ ರಾಮನಗರ ಅಲ್ಲ) ಜೊತೆಗೆ ಸೇರಿದ ಅಲ್ಲಿಯವನೇ ಆದ ಹುಡುಗ. ಬರಿಗಣ್ಣಲ್ಲಿ, ನದಿಯ ಆಚೆ ಬದಿಯ ಕಲ್ಲುಗಳ ನಡುವೆ. "ದೀದಿ, ಅಲ್ಲಿ, ಆ ಬಿಳಿ ಬಂಡೆಯಿಂದ ಎಡಕ್ಕೆ" ಅಂತ ಹಿಂದಿಯಲ್ಲಿ ತೋರಿಸ್ತಿದ್ದ. ನಾನು ಬೈನಾಕ್ಯುಲರ್ ಎತ್ತಿ ಫೋಕಸ್ ತಿರುಗಿಸೋ ಅಷ್ಟರಲ್ಲಿ ಮುಂದೆ ಟ್ರೈಪಾಡುಗಳ ಸಾಲು. ಮದುವೆ ಮನೆಯಲ್ಲಿ ಮುಹೂರ್ತದ ಹೊತ್ತಿಗೆ ಫೋಟೋಗ್ರಾಫರ್ ಅಡ್ಡ ನಿಂತು ಹೆಣ್ಣಿನ ತಾಯಿಗೇ ಧಾರೆ ಕಾಣದ ಹಾಗೆ ಮಾಡ್ತಾನಲ್ಲ, ಹಾಗೆ. ಸ್ವಲ್ಪ ಸರಿದು ನಿಲ್ಲಿ ಅಂದಿದ್ದಕ್ಕೆ ಲೀಡರ್ ಮಹಾಶಯರು ನನ್ನ ಕಡೆ ತಿರುಗಿ ನಗ್ತಾ ಹೇಳಿದ್ದು ಇದು: "ಮೇಡಂ, ನಿಮ್ಮದು ಬರೀ ಬೈನಾಕ್ಯುಲರ್ ಅಲ್ವಾ, ದೂರದಿಂದಲೂ ಕಾಣುತ್ತೆ. ಇವರಿಗೆ ಫ್ರೇಮ್ ಸಿಗಬೇಕು, ಸ್ವಲ್ಪ ಹಿಂದಕ್ಕೆ ಬನ್ನಿ."

ಬರೀ ಬೈನಾಕ್ಯುಲರ್!

ದುಡ್ಡು ಕಟ್ಟುವಾಗ "ಬರೀ ಬೈನಾಕ್ಯುಲರ್‌ನವರಿಗೆ ಅರ್ಧ ರೇಟು" ಅಂದಿದ್ರಾ? ಸ್ಕೋಪ್ ಎಲ್ಲಿ ಅಂತ ಕೇಳಿದೆ. ಟ್ರೈಪಾಡ್‌ಗಳಿಗೆ ಜಾಗ ಸಾಲಲಿಲ್ಲ, ಅದಕ್ಕೆ ರೆಸಾರ್ಟಲ್ಲೇ ಬಿಟ್ಟು ಬಂದಿದೀವಿ ಅಂದ್ರು. ಕಡೆಗೂ ಆ ಸ್ಕೋಪಿನ ಮುಖ ನಾನು ನೋಡಲಿಲ್ಲ. ಇತ್ತೋ ಇಲ್ಲವೋ, ಅಲ್ಲಿನ ದೇವತೆ ಗರ್ಜಿಯಾ ದೇವಿಗೇ ಗೊತ್ತು.

ಆಮೇಲೆ ಆಗಿದ್ದು ಇನ್ನೂ ಚೆಂದ. ದೂರ ಆಯ್ತು, ಫೋಟೋದಲ್ಲಿ ಹಕ್ಕಿ ಚಿಕ್ಕದಾಗಿ ಬರ್ತಿದೆ ಅಂತ ಒಬ್ಬರು ನೀರಿಗೆ ಇಳಿದ್ರು. ಅವರ ಹಿಂದೆ ಇನ್ನೊಬ್ಬರು. ಹಕ್ಕಿ ನಾಲ್ಕು ಹೆಜ್ಜೆ ಸರಿಯಿತು. ಇವರು ಎಂಟು ಹೆಜ್ಜೆ. ಅದು ತಿನ್ನೋದನ್ನ ನಿಲ್ಲಿಸಿ ಕತ್ತು ಎತ್ತಿ ನಿಂತಿತು. ಯಾವ ಹಕ್ಕಿಯೇ ಆಗಲಿ, ತಿನ್ನೋದು ನಿಲ್ಲಿಸಿ ನಿಮ್ಮನ್ನೇ ನೋಡ್ತಿದೆ ಅಂದರೆ ನೀವು ಜಾಸ್ತಿ ಹತ್ತಿರ ಬಂದಿದೀರಿ ಅಂತಲೇ ಅರ್ಥ. ಇದನ್ನ ನಮ್ಮ ಊರಿನ ಕೆರೆ ಹತ್ತಿರ ಸ್ಕೂಲು ಮಕ್ಕಳಿಗೂ ಹೇಳಿಕೊಡ್ತಾರೆ. ಲೀಡರ್ ಬಾಯಿ ಬಿಡಲಿಲ್ಲ. ಬಿಡೋದೆಲ್ಲಿ, ಅವರೂ ಕ್ಯಾಮೆರಾ ಹಿಂದೆ ಕಣ್ಣು ನೆಟ್ಕೊಂಡಿದ್ರು! ಹಕ್ಕಿ ಹಾರಿ ನದಿಯ ತಿರುವಿನಲ್ಲಿ ಮರೆಯಾಯ್ತು. "ಸೂಪರ್, ಫ್ಲೈಟ್ ಶಾಟ್ ಸಿಕ್ತು" ಅಂತ ಚಪ್ಪಾಳೆ.

ಮಾರ್ಗದರ್ಶಕ ಅಂತ ಹಣ ತಗೊಂಡ ಮನುಷ್ಯ ತಾನೂ ಗಿರಾಕಿಗಳ ಜೊತೆ ಪೈಪೋಟಿಗೆ ಬಿದ್ದು ಫೋಟೋ ಹೊಡೀತಾನೆ ಅಂದರೆ ಏನ್ ಹೇಳೋದು? ನಮ್ಮ ಖರ್ಚಲ್ಲಿ ಅವರ ಪೋರ್ಟ್‌ಫೋಲಿಯೋ. ಮುಂದಿನ ಪೋಸ್ಟರಿಗೆ ಅದೇ ಫೋಟೋ.

ಇನ್ನು ಸ್ಪೀಕರ್ ವಿಷಯ. ಇದು ಎಲ್ಲಕ್ಕಿಂತ ನನ್ನ ತಲೆ ಕೆಡಿಸಿದ್ದು. ಸಾಲ್ ಕಾಡಿನಲ್ಲಿ ಚಳಿಗಾಲದಲ್ಲಿ ಸಣ್ಣ ಹಕ್ಕಿಗಳು ಬೇರೆ ಬೇರೆ ಜಾತಿಯವು ಸೇರ್ಕೊಂಡು ಒಂದೇ ಹಿಂಡಾಗಿ ಓಡಾಡ್ತವೆ. ಚಿತ್ರಪಕ್ಷಿ, ಕಾಜಾಣ, ಮರಕುಟಿಗ, ಇನ್ನೂ ಏನೇನೋ. ಹಿಂಡು ಬರೋ ತನಕ ಕಾಡು ಖಾಲಿ ಅನ್ನಿಸುತ್ತೆ, ಬಂತು ಅಂದರೆ ಯಾವುದನ್ನ ನೋಡೋದು ಯಾವುದನ್ನ ಬಿಡೋದು ಅಂತ ಕಕ್ಕಾಬಿಕ್ಕಿ. ಅದಕ್ಕೆ ಕಾಯಬೇಕು. ಕಾಯೋದೇ ಈ ಹವ್ಯಾಸದ ಮುಕ್ಕಾಲು ಪಾಲು. ನಮ್ಮ ಲೀಡರಿಗೆ ಕಾಯೋ ವ್ಯವಧಾನ ಇಲ್ಲ. ಜೇಬಿಂದ ಬ್ಲೂಟೂತ್ ಸ್ಪೀಕರ್ ತೆಗೆದು ಗಿಡದ ಬುಡದಲ್ಲಿಟ್ಟು ಪುಟ್ಟ ಗೂಬೆಯ ಕೂಗು ಹಾಕೋರು. ಗೂಬೆ ಇದೆ ಅಂತ ಸಣ್ಣ ಹಕ್ಕಿಗಳು ಗಾಬರಿಯಿಂದ ಗುಂಪುಗೂಡಿ ಓಡಿಸೋಕೆ ಬರ್ತವೆ, ಎದುರಿನ ಕೊಂಬೆ ಮೇಲೆ ಕೂತು ಚೀರ್ತವೆ. ಇವರು ಟಕಟಕ ಅಂತ ಹೊಡೀತಾರೆ. ಅವು ಸುಸ್ತಾಗಿ ಹೋಗೋಕೆ ನೋಡಿದ್ರೆ ಮತ್ತೆ ಪ್ಲೇ.

ಬೆರಳುದ್ದದ ಹಕ್ಕಿ ರೀ ಅದು. ಫೆಬ್ರವರಿ ಬೆಳಗ್ಗೆ ಅಲ್ಲಿ ನಾವು ಸ್ವೆಟರ್ ಮೇಲೆ ಜರ್ಕಿನ್ ಹಾಕ್ಕೊಂಡು ನಡುಗ್ತಿದ್ವಿ. ರಾತ್ರಿ ಚಳಿ ತಡ್ಕೊಳ್ಳೋಕೆ ಬೇಕಾದ ಶಕ್ತಿನ ಅದು ಹಗಲಲ್ಲೇ ತಿಂದು ಕೂಡಿಸ್ಕೋಬೇಕು. ಆ ಹೊತ್ತನ್ನ ಇಲ್ಲದ ಗೂಬೆ ಜೊತೆ ಜಗಳ ಆಡಿಸಿ ಹಾಳು ಮಾಡ್ತೀರಲ್ಲ. ಜೋಡಿಯಾಗೋ ಕಾಲದಲ್ಲಿ ಅದೇ ಜಾತಿಯ ಗಂಡಿನ ಹಾಡು ಹಾಕಿದ್ರೆ ಇನ್ನೂ ಕಷ್ಟ. ತನ್ನ ಜಾಗಕ್ಕೆ ಇನ್ಯಾರೋ ನುಗ್ಗಿದ್ದಾರೆ ಅಂತ ಅಲ್ಲಿರೋ ಗಂಡು ಎಲ್ಲ ಕೆಲಸ ಬಿಟ್ಟು ಕಾದಾಡೋಕೆ ಬರುತ್ತೆ. ನಾವು ಹೋದ ಮೇಲೆ ಇನ್ನೊಂದು ತಂಡ, ಅವರ ಹತ್ತಿರ ಇನ್ನೊಂದು ಸ್ಪೀಕರ್.

ನಾನು ಬೇಡ ಅಂದೆ. "ಎಲ್ಲರೂ ಮಾಡ್ತಾರೆ ಮೇಡಂ" ಅಂದ್ರು. ಮೀನುಗೂಬೆ ಗೂಡಿನ ಮರದ ಬುಡಕ್ಕೇ ಜನರನ್ನ ಕರ್ಕೊಂಡು ಹೋಗಿ ನಿಲ್ಲಿಸಿದಾಗ ಮತ್ತೆ ಹೇಳಿದೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಹಕ್ಕಿಯ ಗೂಡಿಗೆ ತೊಂದರೆ ಕೊಡೋದೂ ಬೇಟೆಯ ಲೆಕ್ಕಕ್ಕೇ ಬರುತ್ತೆ ಅಂತ. "ನಾವೇನು ಗೂಡು ಮುಟ್ಟಿದ್ವಾ?" ಅಂದ್ರು. ಆಮೇಲಿಂದ ತಂಡದಲ್ಲಿ ನನಗೆ "ಲಾಯರ್ ಆಂಟಿ" ಅಂತ ಹೆಸರು. ಆಗಲಿ. ಎದುರಿಗೇ ಅಂದಿದ್ರೆ ಇನ್ನೂ ಖುಷಿ ಆಗ್ತಿತ್ತು.

ಊಟ ತಿಂಡಿ ಬಗ್ಗೆ ಹೇಳೋಕೆ ಹೋಗಲ್ಲ, ತಗೊಂಡು ಹೋಗಿದ್ದ ಕೋಡುಬಳೆ, ಚಟ್ನಿಪುಡಿ ಮಾನ ಕಾಪಾಡ್ತು. ಆದರೆ ಒಂದು ಮಾತು ಹೆಂಗಸರ ಪರವಾಗಿ. ಸಫಾರಿ ಹೊತ್ತಿನಲ್ಲಿ ಕಾಡೊಳಗೆ ಜಿಪ್ಸಿ ಜೀಪಿನಿಂದ ಎಲ್ಲೆಂದರಲ್ಲಿ ಇಳಿಯೋ ಹಾಗಿಲ್ಲ, ಅದು ಸರಿಯಾದ ನಿಯಮವೇ. ಅಂಥಾ ಕಡೆ ಎಷ್ಟು ಹೊತ್ತಿಗೆ ಎಲ್ಲಿ ಶೌಚಾಲಯ ಸಿಗುತ್ತೆ ಅಂತ ಹಿಂದಿನ ದಿನ ಹೇಳೋದು ಲೀಡರ್ ಕೆಲಸ. ಕೇಳಿದ್ರೆ "ನೀರು ಕಮ್ಮಿ ಕುಡೀರಿ" ಅಂತ ಸಲಹೆ! ಯಾರ ಅಮ್ಮನಿಗೆ ಹೇಳ್ತಾ ಇದೀರಪ್ಪಾ?

ರಾಮಗಂಗಾ ದಡದ ಧಿಕಾಲಾ ಹುಲ್ಲುಗಾವಲಿನಲ್ಲಾದರೂ ನೆಮ್ಮದಿ ಸಿಗಬಹುದು ಅಂದ್ಕೊಂಡೆ. ಮೈಲಿಗಟ್ಟಲೆ ಹುಲ್ಲು, ಹಿಂದೆ ಬೆಟ್ಟದ ಸಾಲು, ಅಡ್ಡ ಬರೋಕೆ ಏನೂ ಇಲ್ಲ. ಹ್ಯಾರಿಯರ್ ಅನ್ನೋ ಬೇಟೆ ಹಕ್ಕಿ, ಬೂದು ಬಣ್ಣದ ಗಂಡು ಒಂದು, ರೆಕ್ಕೆ ತುದಿ ಮಸಿಯಲ್ಲಿ ಅದ್ದಿದಷ್ಟು ಕಪ್ಪು, ಹುಲ್ಲಿನ ಮೇಲೆ ತೀರಾ ತಗ್ಗಿನಲ್ಲಿ ತೇಲ್ಕೊಂಡು ಆ ತುದಿಯಿಂದ ಈ ತುದಿಗೆ ಬರ್ತಿತ್ತು. ಇಲಿಯೋ ಸಣ್ಣ ಹಕ್ಕಿಯೋ ಎದ್ದರೆ ಹಿಡಿಯೋಕೆ. ಹುಲ್ಲಿನ ತುದಿಯಲ್ಲಿ ಕೂತು ಕಿಚಿಗುಟ್ಟುತ್ತಿದ್ದ ಪುಟ್ಟ ಹಕ್ಕಿಗಳು ಅದು ಬಂದ ಕಡೆಯೆಲ್ಲ ಒಳಗೆ ಮುಳುಗಿ, ಅದು ಹೋದ ಮೇಲೆ ಮತ್ತೆ ಮೇಲೇಳ್ತಿದ್ವು. ಆ ಹುಡುಗ ಒಂದೊಂದರ ಹೆಸರು ಹೇಳ್ತಿದ್ದ. ಇಡೀ ಪ್ರವಾಸದಲ್ಲಿ ದುಡ್ಡಿಗೆ ನ್ಯಾಯ ಸಿಕ್ಕಿದ್ದು ಅಲ್ಲೇ, ಬಹುಶಃ ಹತ್ತು ನಿಮಿಷ.

ಆಮೇಲೆ ದೂರದಲ್ಲಿ ಜಿಂಕೆ ಕೂಗ್ತು, ಹುಲಿ ಬಂದಾಗ ಎಚ್ಚರಿಸೋ ಥರ. ಅಷ್ಟೇ ಸಾಕಾಯ್ತು. "ಕಾಲ್! ಕಾಲ್! ಟೈಗರ್!" ಅಂತ ಲೀಡರ್ ಎದ್ದು ನಿಂತು ಡ್ರೈವರ್ ಬೆನ್ನು ಬಡಿದ್ರು. ಜಿಪ್ಸಿ ಓಡ್ತು, ಹಿಂದೆ ಇನ್ನಷ್ಟು ಜಿಪ್ಸಿಗಳು, ಧೂಳು ಮೂಗು ಬಾಯಿಗೆಲ್ಲ. ಉಳಿದ ಹೊತ್ತೆಲ್ಲ ಒಂದು ಪೊದೆಯ ಎದುರು ಕಾವಲು. ಹುಲಿ ಬರಲಿಲ್ಲ. ಬಂದಿದ್ರೂ ನನ್ನ ಸಿಟ್ಟು ಇಳೀತಿರಲಿಲ್ಲ. ಹುಲಿ ಬೇಕಿದ್ರೆ ಅಷ್ಟು ದೂರ ಯಾಕೆ ಹೋಗಬೇಕು ಸ್ವಾಮಿ? 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಕಾರ್ಬೆಟ್ ಜೊತೆಗೇ ಮೊದಲ ಪಟ್ಟಿಯಲ್ಲಿದ್ದದ್ದು ನಮ್ಮ ಬಂಡೀಪುರ. ನಂಜನಗೂಡು ದಾಟಿ ಗುಂಡ್ಲುಪೇಟೆ ಬಸ್ ಹತ್ತಿದ್ರೆ ಆಯ್ತು.

ರಾತ್ರಿ ಊಟ ಆದ ಮೇಲೆ ಆ ದಿನ ಕಂಡ ಹಕ್ಕಿಗಳ ಪಟ್ಟಿ ಓದೋ ಶಾಸ್ತ್ರ ಬೇರೆ. ಲೀಡರ್ ಒಂದೊಂದೇ ಹೆಸರು ಹೇಳಿ ಟಿಕ್ ಹಾಕೋರು. "ಇದನ್ನ ನಾವು ನೋಡಲಿಲ್ವಲ್ಲ" ಅಂದ್ರೆ "ಕೂಗು ಕೇಳಿಸ್ತು". ಯಾರಿಗೆ ಕೇಳಿಸ್ತು? ಅವರಿಗೆ. ಕೆಲವು ಸಲ ಅವರ ಸ್ಪೀಕರ್ ಕೂಗಿದ್ದೋ, ನಿಜವಾದ ಹಕ್ಕಿ ಕೂಗಿದ್ದೋ ಅಂತ ನನಗೆ ಈಗಲೂ ಅನುಮಾನ. ಈಗ ಆ ಪಟ್ಟಿಯ ಸಂಖ್ಯೆಯನ್ನೇ ಜಾಹೀರಾತಿನಲ್ಲಿ ಮೆರೆಸ್ತಿದ್ದಾರೆ.

ಬೇಜಾರಾಗೋದು ಯಾಕೆ ಅಂದ್ರೆ, ನಾವು ಬಂದಿರೋದು ಅಂಥಾ ನೆಲದಿಂದ. ಸಲೀಂ ಅಲಿಯವರು ನದಿ ನಡುವಿನ ಆ ದ್ವೀಪಗಳನ್ನ ನೋಡಿ ಹೇಳಿದ ಮೇಲೆ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮ ಆಯ್ತು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಮನೆ ಹಿತ್ತಲ ಹುಣಸೆ ಮರದಲ್ಲಿ ಗೂಡು ಕಟ್ಟಿದ್ರೂ, ಮೀನು ವಾಸನೆ ಸಹಿಸ್ಕೊಂಡು ಊರಿನವರು ಅವನ್ನ ಓಡಿಸಲಿಲ್ಲ. ಅಂಥಾ ಕಡೆಯವರು ಅಲ್ಲಿ ಹೋಗಿ ಕನ್ನಡದಲ್ಲಿ ಕಿರುಚಾಡ್ಕೊಂಡು ಹಕ್ಕಿ ಅಟ್ಟಿಸ್ಕೊಂಡು ಓಡಿದ್ರೆ ನಾಚಿಕೆ ಆಗಲ್ವಾ? ಇಲ್ಲೂ ಅದೇ ಚಾಳಿ ಶುರುವಾಗಿದೆ. ಮೊನ್ನೆ ನಮ್ಮ ಬಡಾವಣೆ ಕೆರೆಯಲ್ಲಿ ಕೂತಿದ್ದ ಬಣ್ಣದ ಕೊಕ್ಕರೆ ಹಾರಲಿ ಅಂತ ಒಬ್ಬ ಕಲ್ಲು ಬೀರ್ತಿದ್ದ. ಕೇಳಿದ್ರೆ "ಹತ್ತಿರಕ್ಕೆ ಹಾಕಿದೆ ಆಂಟಿ, ಹೊಡೀಲಿಲ್ಲ" ಅಂದ.

ಊರಿಗೆ ಬಂದ ಮೇಲೆ ಲೀಡರಿಂದ ಮೆಸೇಜು, "ಐದು ಸ್ಟಾರ್ ರಿವ್ಯೂ ಹಾಕಿ ಮೇಡಂ, ಸಣ್ಣ ಬಿಸಿನೆಸ್ಸು." ಇದ್ದದ್ದನ್ನ ಇದ್ದ ಹಾಗೆ ಬರೆದೆ. ಆ ಹುಡುಗನ ಕೆಲಸ ಎಷ್ಟು ಚೆನ್ನಾಗಿತ್ತು ಅಂತಲೂ ಬರೆದೆ. ಅರ್ಧ ಗಂಟೆಯಲ್ಲಿ ಫೋನು. ಅದನ್ನ ತೆಗೆದ್ರೆ ಮುಂದಿನ ಟ್ರಿಪ್ಪಿಗೆ ಡಿಸ್ಕೌಂಟ್ ಕೊಡ್ತೀನಿ ಅಂದ್ರು. ನಿಮ್ಮ ಡಿಸ್ಕೌಂಟನ್ನ ಆ ಹುಡುಗನ ಸಂಬಳಕ್ಕೆ ಸೇರಿಸಿ ಅಂತ ಹೇಳಿ ಇಟ್ಟೆ.

ಈಗ ಹೊಸ ಪೋಸ್ಟರ್ ಬಂದಿದೆ, ಅಸ್ಸಾಂ ಕಡೆಯ ಹುಲ್ಲುಗಾವಲಿಗಂತೆ. ಅದೇ ನುರಿತ ಮಾರ್ಗದರ್ಶಕರು, ಅದೇ ಸಣ್ಣ ತಂಡ. ಕೆಳಗೆ ನಾನು ಕೇಳಿದ್ದು ಇಷ್ಟೇ: ಸ್ಪೀಕರ್ ಬಳಸ್ತೀರಾ, ಸ್ಕೋಪ್ ನಿಜವಾಗಲೂ ಬರುತ್ತಾ, ಕ್ಯಾಮೆರಾ ಇಲ್ಲದವರು ಎಲ್ಲಿ ನಿಲ್ಲಬೇಕು? ಕಾಫಿ ಕುಡಿದು ಬರೋ ಅಷ್ಟರಲ್ಲಿ ಕಾಮೆಂಟ್ ಮಾಯ, ನಾನೂ ಬ್ಲಾಕ್. ಅಲ್ಲಿ ದುಡ್ಡು ಕಟ್ಟೋಕೆ ಹೊರಟಿರೋರು ಯಾರಾದರೂ ಇದ್ದರೆ ಆ ಮೂರು ಪ್ರಶ್ನೆ ನೀವೇ ಕೇಳಿ, ಉತ್ತರವನ್ನ ಬರಹದಲ್ಲಿ ತಗೊಳ್ಳಿ.